ಗೊರಕೆ ನಿಂತಾಗ

ಬಾದಾಮಿ, ಹುನಗುಂದಗಳ ಕಡೆ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವ ರೂಢಿಯನ್ನು ಶ್ರೋತೃಗಳಲ್ಲಿ ಅನೇಕರು ಬಲ್ಲಿರಿ. ಅಲ್ಲಿ ಯಾರ ಗೊರಕೆಯೂ ಗುಟ್ಟಾಗಿ ಉಳಿಯುವುದಿಲ್ಲ. ಮುಂಜಾನೆ ಅದನ್ನು ಅಣಕಿಸಿ ನಗುವುದುಂಟು. ಕುಂಭಕರ್ಣನ ಹೆಸರೆತ್ತುವುದೂ ಉಂಟು. ದುಡಿದ ಮೈಗೆ ಗಾಢನಿದ್ರೆ, ಗಾಢನಿದ್ರೆಗೆ ಗೊರಕೆ ಎಂಬುದು ನಮ್ಮ ತಿಳಿವಳಿಕೆ. ಅದು ಎಷ್ಟು ತಪ್ಪಾಗಬಹುದೆಂಬುದನ್ನು ನಾನು ಕಲಿತದ್ದು ಇಳಕಲ್ಲಿನಲ್ಲಿ, ನಮ್ಮ ಸೋದರಮಾವನ ಮನೆಯಲ್ಲಿ.

ಮಾವ ನೇಕಾರರು. ಐವತ್ತು ದಾಟಿದ ಮೇಲೆ ಅವರ ಮೈ ತುಂಬಿತು. ಮಗ್ಗದ ಮುಂದೆ ಕುಳಿತಲ್ಲೇ ತೂಕಡಿಸತೊಡಗಿದರು, ಎಳೆ ತಪ್ಪತೊಡಗಿತು. ಬೆಳಿಗ್ಗೆ ಎದ್ದರೆ ತಲೆನೋವು, ಮಾತು ಮಾತಿಗೆ ಸಿಡುಕು. ವಯಸ್ಸಾಯಿತೆಂದು ಕೆಲವರು, ಸೋಮಾರಿತನವೆಂದು ಕೆಲವರು ಆಡಿಕೊಂಡರು. ಒಂದು ರಾತ್ರಿ ನಾನು ಅಲ್ಲಿ ತಂಗಿದ್ದಾಗ ನಡುರಾತ್ರಿಯಲ್ಲಿ ಎಚ್ಚರವಾಯಿತು. ಅತ್ತೆ ಗಂಡನ ಪಕ್ಕದಲ್ಲಿ ಎದ್ದು ಕುಳಿತಿದ್ದರು. ಗೊರಕೆಗೆ ನಿದ್ರೆ ಬರಲಿಲ್ಲವೇ ಎಂದು ಕೇಳಿದೆ. “ತಮ್ಮಾ, ಗೊರಕಿ ಕೇಳ್ತಿದ್ರ ನನಗ ಧೈರ್ಯ. ಅದು ನಿಂತಾಗನ ಅಂಜಿಕಿ” ಎಂದರು.

ಹಗಲಿನಲ್ಲಿ ಮಗ್ಗದ ಸದ್ದು ನಿಂತರೆ ಏನಾಯಿತೆಂದು ಮನೆಯವರೆಲ್ಲ ಇಣುಕಿ ನೋಡುತ್ತಾರೆ. ರಾತ್ರಿ ಗೊರಕೆ ನಿಂತರೆ ಮಾತ್ರ, ಸದ್ಯ ನಿಂತಿತಲ್ಲ ಎಂದು ಮಗ್ಗುಲು ಬದಲಿಸುತ್ತಾರೆ. ಅತ್ತೆ ಅಂಜಿದ್ದು ಆ ಮೌನಕ್ಕೆ. ವೈದ್ಯರು ಅಂಜುವುದೂ ಅದಕ್ಕೇ.

ನಿದ್ರೆಯಲ್ಲಿ ಉಸಿರು ಮರಳಿ ಮರಳಿ ನಿಲ್ಲುವ ಈ ರೋಗಕ್ಕೆ ವೈದ್ಯಶಾಸ್ತ್ರದಲ್ಲಿ ಸ್ಲೀಪ್ ಅಪ್ನಿಯಾ ಎಂದು ಹೆಸರು. ಮಲಗಿದಾಗ ಗಂಟಲಿನ ಸ್ನಾಯುಗಳು ಸಡಿಲಗೊಳ್ಳುತ್ತವೆ, ನಾಲಿಗೆ ಹಿಂದಕ್ಕೆ ಜಾರುತ್ತದೆ. ಕುತ್ತಿಗೆಯಲ್ಲಿ ಕೊಬ್ಬು ಸೇರಿದವರಿಗೆ, ಚಿಕ್ಕ ದವಡೆಯವರಿಗೆ ಗಾಳಿಯ ದಾರಿ ಇನ್ನೂ ಕಿರಿದಾಗುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿ ನುಸುಳುವಾಗಿನ ಅದುರಾಟವೇ ಗೊರಕೆ. ದಾರಿ ಪೂರ್ಣವಾಗಿ ಮುಚ್ಚಿದರೆ ಮೌನ. ಆಗ ಎದೆ ಏಳುತ್ತದೆ, ಬೀಳುತ್ತದೆ. ಗಾಳಿ ಮಾತ್ರ ಒಳಹೋಗದು. ರಕ್ತದಲ್ಲಿನ ಆಮ್ಲಜನಕ ಇಳಿಯುತ್ತದೆ. ಮಿದುಳು ಬೆಚ್ಚಿ, ಮಲಗಿದವನನ್ನು ಅರೆ ಎಚ್ಚರಕ್ಕೆ ತರುತ್ತದೆ. ಗಂಟಲು ತೆರೆದು ಉಸಿರು ಒಮ್ಮೆಲೇ ನುಗ್ಗುತ್ತದೆ. ಮತ್ತೆ ನಿದ್ರೆ, ಮತ್ತೆ ತಡೆ. 10 ಸೆಕೆಂಡಿಗೆ ಕಡಿಮೆಯಿಲ್ಲದಂತೆ ಉಸಿರು ನಿಲ್ಲುವುದು ಅಥವಾ ತೀರ ಕುಗ್ಗುವುದು ಗಂಟೆಗೆ 5 ಬಾರಿಗಿಂತ ಹೆಚ್ಚಾದರೆ ಅದು ಸಹಜವಲ್ಲ. 30 ದಾಟಿದರೆ ರೋಗ ತೀವ್ರವೆಂದು ಲೆಕ್ಕ. ಆದರೆ ಬೆಳಿಗ್ಗೆ ರೋಗಿಗೆ ಇದಾವುದೂ ನೆನಪಿರುವುದಿಲ್ಲ. ತನ್ನ ರೋಗಕ್ಕೆ ತಾನೇ ಸಾಕ್ಷಿಯಾಗಲಾರದ ರೋಗಿ ಇವನು.

ಇದು ಬರಿಯ ತೂಕಡಿಕೆಯಲ್ಲಿ ಮುಗಿಯುವುದಿಲ್ಲ. ರಾತ್ರಿಯೆಲ್ಲ ಬೆಚ್ಚುವ ದೇಹದಲ್ಲಿ ರಕ್ತದೊತ್ತಡ ಏರುತ್ತದೆ. ಹೃದ್ರೋಗ, ಪಾರ್ಶ್ವವಾಯುಗಳ ಅಪಾಯ ಹೆಚ್ಚುತ್ತದೆ. ಮಾವನಿಗೆ ಒಂದು ಬೆಳಗಿನ ಜಾವ ಎಡಗೈ ಬಿದ್ದುಹೋಯಿತು. ಇದೊಂದೇ ಕಾರಣವೆಂದು ವೈದ್ಯರು ಹೇಳಲಿಲ್ಲ. ಆದರೆ, “ಇವರ ಪಕ್ಕದಲ್ಲಿ ಮಲಗುವವರು ಯಾರು?” ಎಂದು ಕೇಳಿದರು. ಅಷ್ಟು ವರ್ಷಗಳಲ್ಲಿ ಅತ್ತೆಯನ್ನು ಯಾರೂ ಕೇಳದ ಪ್ರಶ್ನೆ ಅದು. ಹಿಂದೆ ನೋಡಿದ ವೈದ್ಯರು ಕೇಳಲಿಲ್ಲ. ಆ ರಾತ್ರಿ ಅವರ ಮಾತನ್ನು ಕಿವಿಯಾರೆ ಕೇಳಿದ ನಾನೂ ಸುಮ್ಮನಿದ್ದೆ.

ಗೊರೆಯುವವರೆಲ್ಲ ರೋಗಿಗಳಲ್ಲ. ಗೊರಕೆಯ ನಡುವೆ ಮೌನ, ಏದುಸಿರಿನ ಎಚ್ಚರ, ಹಗಲಿನ ತಡೆಯಲಾರದ ನಿದ್ರೆ ಇವು ಕೂಡಿ ಬಂದರೆ ಪರೀಕ್ಷೆ ಅವಶ್ಯ. ರಾತ್ರಿ ಮಲಗಿದಾಗ ಉಸಿರು, ಆಮ್ಲಜನಕ, ನಾಡಿ ಮುಂತಾದವನ್ನು ಯಂತ್ರದಿಂದ ಅಳೆಯುತ್ತಾರೆ. ಕೆಲವರಿಗೆ ಇದನ್ನು ಮನೆಯಲ್ಲೇ ಮಾಡಬಹುದು. ಶ್ವಾಸಕೋಶದ ಅಥವಾ ಕಿವಿ, ಮೂಗು, ಗಂಟಲಿನ ತಜ್ಞರಲ್ಲಿ ವಿಚಾರಿಸಬೇಕು.

ಚಿಕಿತ್ಸೆಯೂ ಉಂಟು. ತೂಕ ಇಳಿಸುವುದು, ಪಕ್ಕಕ್ಕೆ ಹೊರಳಿ ಮಲಗುವುದು, ಮದ್ಯವನ್ನೂ ವೈದ್ಯರನ್ನು ಕೇಳದೆ ನುಂಗುವ ನಿದ್ರೆಗುಳಿಗೆಯನ್ನೂ ಬಿಡುವುದು ಮೊದಲ ಹೆಜ್ಜೆಗಳು. ಮಕ್ಕಳಲ್ಲಿ ಟಾನ್ಸಿಲ್, ಅಡಿನಾಯ್ಡ್ ಗ್ರಂಥಿಗಳು ಊದಿಕೊಂಡಿದ್ದರೆ ಶಸ್ತ್ರಚಿಕಿತ್ಸೆಯಿಂದ ಬಹುಮಟ್ಟಿಗೆ ಗುಣ ಕಾಣುತ್ತದೆ. ಹಿಂದೆ ತೀವ್ರ ರೋಗಿಗಳಿಗೆ ಕತ್ತಿನಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡುತ್ತಿದ್ದರು. 1981ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಸುಲಭದ ದಾರಿಯೊಂದನ್ನು ಪ್ರಕಟಿಸಿದರು: ಮೂಗಿನ ಮೂಲಕ ಗಾಳಿಯನ್ನು ಹದವಾದ ಒತ್ತಡದಲ್ಲಿ ಬಿಡುವ ಯಂತ್ರ, ಸಿಪ್ಯಾಪ್. ಅದು ನಮ್ಮ ಬದಲು ಉಸಿರಾಡುವುದಿಲ್ಲ. ಕುಸಿಯುವ ದಾರಿಗೆ ಗಾಳಿಯನ್ನೇ ಊರೆಗೋಲಾಗಿ ಕೊಡುತ್ತದೆ. ರೋಗವನ್ನು ಬೇರುಸಹಿತ ಕೀಳದು. ಆದ್ದರಿಂದ ಪ್ರತಿರಾತ್ರಿ ಧರಿಸಬೇಕು.

ಇಳಕಲ್, ಹುನಗುಂದಗಳ ಮಗ್ಗುಲಲ್ಲೇ ಸೊಲ್ಲಾಪುರ-ಚಿತ್ರದುರ್ಗದ ಹೆದ್ದಾರಿ ಸಾಗಿದೆ. ಇರುಳೆಲ್ಲ ಲಾರಿ ನಡೆಸುವ ಚಾಲಕನಿಗೆ ಈ ರೋಗವಿದ್ದರೆ ಅಪಾಯ ಅವನೊಬ್ಬನದಲ್ಲ. ಹೆಂಗಸರಿಗೂ ಇದು ಬರುತ್ತದೆ, ಮುಟ್ಟು ನಿಂತ ಮೇಲೆ ಇನ್ನೂ ಹೆಚ್ಚು. ನಾಚಿಕೆಯಿಂದ ಅವರದು ಮುಚ್ಚಿಹೋಗುತ್ತದೆ. ಒಂಟಿಯಾಗಿ ಮಲಗುವವರು ಮೊಬೈಲಿನಲ್ಲಿ ರಾತ್ರಿಯ ಸದ್ದನ್ನು ಮುದ್ರಿಸಿಕೊಂಡು ವೈದ್ಯರಿಗೆ ಕೇಳಿಸಬಹುದು.

ಮಾವ ಈಗ ಮಗ್ಗಕ್ಕೆ ಇಳಿಯಲಾರರು. ಹಗಲು ಎಚ್ಚರವಾಗಿ ಕುಳಿತು, ಮಗ ನೇಯುವ ಸೀರೆಯ ಎಳೆ ಎಲ್ಲಿ ತಪ್ಪಿತೆಂದು ಹೇಳುತ್ತಾರೆ. ರಾತ್ರಿ ಯಂತ್ರದ ಮೆಲುಸದ್ದಿನಲ್ಲಿ ಇಬ್ಬರೂ ನಿದ್ರಿಸುತ್ತಾರೆ. ಆ ಪ್ರಶ್ನೆ ಐದು ವರ್ಷ ಮೊದಲೇ ಬರಬೇಕಾಗಿತ್ತು. ನಿಮ್ಮ ಮನೆಯಲ್ಲಿ ತಡವಾಗದಿರಲಿ. ಗೊರೆಯುವವರ ಪಕ್ಕದಲ್ಲಿ ಮಲಗುವವರನ್ನು ಇಂದೇ ಕೇಳಿ.