ಕಾಣದ ಬೆಳಕಿನಲ್ಲಿ ಕಂಡ ಆಕಾಶ



ರಾತ್ರಿ ತಾರಸಿಯ ಮೇಲೆ ನಿಂತು ನೋಡಿದರೆ ಕಾಣುವುದೇ ಇಡೀ ಆಕಾಶವೆಂದು ನಾವು ತಿಳಿಯುತ್ತೇವೆ. ಆದರೆ ಅದು ಒಂದು ಪಾಲು ಮಾತ್ರ. 1800ರಲ್ಲಿ ವಿಲಿಯಂ ಹರ್ಷಲ್ ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿ, ಒಂದೊಂದು ಬಣ್ಣದಲ್ಲೂ ಉಷ್ಣಮಾಪಕವಿಟ್ಟು ನೋಡಿದರು. ಕೆಂಪು ಬಣ್ಣದ ಆಚೆ, ಏನೂ ಕಾಣದ ಜಾಗದಲ್ಲಿಯೇ ಪಾದರಸ ಹೆಚ್ಚು ಏರಿತು. ಅಲ್ಲಿದ್ದದ್ದು ಅವಕೆಂಪು ಕಿರಣ.

ಹುಟ್ಟುತ್ತಿರುವ ನಕ್ಷತ್ರಗಳು, ತಣ್ಣನೆಯ ಧೂಳಿನ ಮೋಡಗಳು, ಮಂಕಾದ ಕ್ಷುದ್ರಗ್ರಹಗಳು ಈ ಕಿರಣದಲ್ಲಿ ಚೆನ್ನಾಗಿ ಕಾಣುತ್ತವೆ. ಆದರೆ ಎರಡು ಅಡ್ಡಿಗಳಿವೆ. ಒಂದು, ನಮ್ಮ ಗಾಳಿಯಲ್ಲಿರುವ ನೀರಾವಿ ಈ ಕಿರಣಗಳಲ್ಲಿ ಬಹುಪಾಲನ್ನು ಹೀರಿಬಿಡುತ್ತದೆ. ಎರಡು, ದೂರದರ್ಶಕವೇ ಬೆಚ್ಚಗಿದ್ದರೆ ಅದರ ಮೈಯಿಂದಲೂ ಅವಕೆಂಪು ಕಿರಣ ಹೊಮ್ಮುತ್ತದೆ. ಆಗ ಆಕಾಶ ನೋಡುವುದು ನಡುಹಗಲಿನಲ್ಲಿ ಮಿಣುಕುಹುಳ ಹುಡುಕಿದಂತೆ. ಆದ್ದರಿಂದ ದೂರದರ್ಶಕವನ್ನು ಗಾಳಿಯ ಆಚೆಗೆ ಒಯ್ಯಬೇಕು, ಚೆನ್ನಾಗಿ ತಣ್ಣಗಾಗಿಸಲೂಬೇಕು.

ಅಮೆರಿಕ, ನೆದರ್ಲೆಂಡ್ಸ್ ಮತ್ತು ಬ್ರಿಟನ್ ಸೇರಿ 1983ರ ಜನವರಿ 25ರಂದು ಐರಾಸ್ ಎಂಬ ಉಪಗ್ರಹವನ್ನು ಹಾರಿಸಿದವು. ಅದರ ದರ್ಪಣ ಸುಮಾರು 60 ಸೆಂಟಿಮೀಟರ್ ಅಗಲ. ದ್ರವ ಹೀಲಿಯಂ ಅದನ್ನು ತಣ್ಣಗಿಟ್ಟಿತ್ತು. ಆ ಹೀಲಿಯಂ ಬಂದದ್ದು ಹತ್ತು ತಿಂಗಳು ಮಾತ್ರ. ಅಷ್ಟರಲ್ಲಿಯೇ ಐರಾಸ್ ಆಕಾಶದ ಶೇಕಡಾ 96ರಷ್ಟನ್ನು ಅಳೆದು ಪಟ್ಟಿ ಮಾಡಿತು.

ಇಲ್ಲಿ ಒಂದು ಘಟನೆಯನ್ನು ಗಮನಿಸಿ. ಉಪಕರಣದ ಅಳತೆ ಸರಿಯಿದೆಯೇ ಎಂದು ನೋಡಲು ವಿಜ್ಞಾನಿಗಳು ವೇಗಾ ನಕ್ಷತ್ರವನ್ನು ಮಾನದಂಡವಾಗಿ ಇಟ್ಟುಕೊಂಡಿದ್ದರು. ನಾವು ಅಭಿಜಿತ್ ಎನ್ನುವ ನಕ್ಷತ್ರ ಇದೇ. ವೇಗಾ ಎಂಬ ಹೆಸರು ಅರಬ್ಬಿಯ 'ವಾಖಿ' ಪದದಿಂದ ಬಂದದ್ದು. ಕೆಳಗೆರಗುವ ಹದ್ದು ಎಂಬುದು ಪೂರ್ಣ ಹೆಸರಿನ ಅರ್ಥ. ಈ ನಕ್ಷತ್ರ ನಿರೀಕ್ಷೆಗಿಂತ ಹೆಚ್ಚು ಪ್ರಕಾಶ ತೋರಿತು. ಉಪಕರಣ ಕೆಟ್ಟಿದೆ ಎಂದು ಕೈಬಿಡಬಹುದಿತ್ತು. ಔಮನ್ ಮತ್ತು ಗಿಲೆಟ್ ಹಾಗೆ ಮಾಡದೆ ಪರೀಕ್ಷಿಸಿದರು. ನಕ್ಷತ್ರದ ಸುತ್ತ ಧೂಳಿನ ತಟ್ಟೆಯಿತ್ತು! ಬೇರೆ ಸೂರ್ಯರ ಸುತ್ತ ಗ್ರಹಗಳಿರಬಹುದೆಂಬ ಊಹೆಗೆ ಅದರಿಂದ ಬಲ ಬಂತು. 2024ರಲ್ಲಿ ಪ್ರಕಟವಾದ ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳಲ್ಲಿ ಅದೇ ತಟ್ಟೆ ಅಚ್ಚರಿಯಾಗುವಷ್ಟು ನುಣುಪಾಗಿ ಕಂಡಿತು. ದೊಡ್ಡ ಗ್ರಹಗಳು ಅದನ್ನು ಸೀಳಿದ ಗುರುತು ಸಿಗಲಿಲ್ಲ. ನಲವತ್ತು ವರ್ಷದ ಪ್ರಶ್ನೆ ಇನ್ನೂ ಮುಗಿದಿಲ್ಲ.

2009ರ ಡಿಸೆಂಬರ್ 14ರಂದು ಹಾರಿದ ವೈಸ್ ಉಪಗ್ರಹದ ದರ್ಪಣ ಕೇವಲ 40 ಸೆಂಟಿಮೀಟರ್. ಅದರ ಘನ ಹೈಡ್ರೋಜನ್ 2010ರಲ್ಲಿಯೇ ಮುಗಿಯಿತು. 2011ರಲ್ಲಿ ಅದನ್ನು ಮಲಗಿಸಲಾಯಿತು. ಆದರೆ ಅದರ ದಾಖಲೆಗಳು ಮಲಗಲಿಲ್ಲ. 2013ರಲ್ಲಿ ಕೆವಿನ್ ಲುಹ್ಮನ್ ಆ ಹಳೆಯ ಚಿತ್ರಗಳನ್ನೇ ಹೋಲಿಸಿ ನೋಡಿ, ಕೇವಲ 6.5 ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಂದು ಕುಬ್ಜಗಳನ್ನು ಪತ್ತೆ ಮಾಡಿದರು. ಇಷ್ಟು ಹತ್ತಿರದ ನೆರೆಯವರು ಅಲ್ಲಿಯವರೆಗೆ ನಮಗೆ ಗೊತ್ತೇ ಇರಲಿಲ್ಲ! ಅದೇ ವರ್ಷ ಉಪಗ್ರಹವನ್ನು ಎಬ್ಬಿಸಿ, ಭೂಮಿಯ ಸಮೀಪ ಬರುವ ಕ್ಷುದ್ರಗ್ರಹಗಳ ಹುಡುಕಾಟಕ್ಕೆ ಹಚ್ಚಿದರು. 2024ರವರೆಗೆ ಅದು ದುಡಿಯಿತು.

2025ರ ಮಾರ್ಚ್‌ನಲ್ಲಿ ಹಾರಿದ ಸ್ಫಿಯರೆಕ್ಸ್‌ನಲ್ಲಿ ಮುಗಿದುಹೋಗುವ ಹೀಲಿಯಂ ಇಲ್ಲ. ಅದು ತನ್ನ ಶಾಖವನ್ನು ಬಾಹ್ಯಾಕಾಶಕ್ಕೇ ಬಿಟ್ಟು ತಣ್ಣಗಾಗುತ್ತದೆ. ಇಡೀ ಆಕಾಶವನ್ನು 102 ಅವಕೆಂಪು ಬಣ್ಣಗಳಲ್ಲಿ ಅಳೆಯುತ್ತದೆ.

ವಿದ್ಯಾರ್ಥಿಗಳೇ, ಐರಾಸ್ ಮತ್ತು ವೈಸ್ ಸಂಗ್ರಹಿಸಿದ ಚಿತ್ರ, ಪಟ್ಟಿಗಳೆಲ್ಲ ಇಂದು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅವುಗಳನ್ನು ನೋಡಲು ರಾಕೆಟ್ ಬೇಡ, ಶ್ರೀಮಂತಿಕೆಯೂ ಬೇಡ. ಗಣಿತ ಬೇಕು, ಸಹನೆ ಬೇಕು. ನಿಮ್ಮ ಪ್ರಯೋಗದ ಪುಸ್ತಕದಲ್ಲಿ ಉತ್ತರಕ್ಕೆ ಹೊಂದದ ಅಂಕಿ ಬಂದರೆ ಪಕ್ಕದವರದ್ದನ್ನು ನೋಡಿ ತಿದ್ದಬೇಡಿ, ಇನ್ನೊಮ್ಮೆ ಅಳೆಯಿರಿ. ಅಭಿಜಿತ್ ನಕ್ಷತ್ರದ ಧೂಳು ಸಿಕ್ಕಿದ್ದು ಅಂಥದೇ ಒಂದು ಅಂಕಿಯಲ್ಲಿ.