ಕಿವಿಗೊಟ್ಟು ಕೇಳಿದ್ದು

(ಸಂಘದ ಮಾಸಿಕ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



‘ಸಂಗೀತದ ವಿಷಯವಾಗಿ ಒಂದು ಗಂಟೆ ಮಾತನಾಡಿ’ ಎಂದು ಕಾರ್ಯದರ್ಶಿಗಳು ದೂರವಾಣಿಯಲ್ಲಿ ಕೇಳಿದಾಗ, ನಾನು ಧಾರವಾಡದವನೆಂಬ ಒಂದೇ ಕಾರಣದಿಂದ ಮಲ್ಲಿಕಾರ್ಜುನ ಮನಸೂರರನ್ನೋ ಗಂಗೂಬಾಯಿ ಹಾನಗಲ್ಲರನ್ನೋ ಕುರಿತು ಮಾತನಾಡುವೆನೆಂದು ಅವರು ಭಾವಿಸಿದ್ದಿರಬೇಕು. ಆ ನಿರೀಕ್ಷೆ ಅಸಹಜವಲ್ಲ. ಆದರೆ 35ಕ್ಕೂ ಮಿಕ್ಕಿದ ವರ್ಷಗಳಲ್ಲಿ ಹಣ, ರಜೆ, ನಿದ್ರೆ ಮತ್ತು ಕೊನೆಗೆ ದೇಹಾರೋಗ್ಯದ ಒಂದು ಪಾಲನ್ನೂ ತೆತ್ತು ನಾನು ಊರೂರು ಅಲೆದು ಕೇಳಿದ ಸಂಗೀತ ಬೇರೆಯೇ. ಅದು ರಾಕ್, ವಿದ್ಯುತ್ ಗಿಟಾರು, ಡ್ರಮ್ಮು ಮತ್ತು ಮನೆಯೆತ್ತರದ ಧ್ವನಿವರ್ಧಕಗಳ ಸಂಗೀತ. ನನ್ನ ಕಚೇರಿಯಲ್ಲಿ ಇದನ್ನು ಬಲ್ಲವರು ಇಬ್ಬರೋ ಮೂವರೋ. ಈ ಸಂಘದಲ್ಲಿ ಈವರೆಗೆ ಯಾರಿಗೂ ತಿಳಿದಿರಲಿಲ್ಲ. ನಿವೃತ್ತಿ ಹತ್ತಿರವಾಗಿರುವಾಗ ಹೇಳಿಬಿಡುವುದು ಲೇಸೆನಿಸಿತು.

ನಮ್ಮ ಕಾಲದ ಧಾರವಾಡದಲ್ಲಿ ಕೈಗೆ ಸಿಗುತ್ತಿದ್ದುದು ರಾಕ್ ಅಲ್ಲ, ಅದರ ಪ್ರತಿಯ ಪ್ರತಿ. ವಸತಿನಿಲಯದ ಗೆಳೆಯನ ಟೇಪ್ ರೆಕಾರ್ಡರಿನಲ್ಲಿ, ಹತ್ತು ಕೈ ದಾಟಿ ಬಂದ ಕ್ಯಾಸೆಟ್ಟುಗಳಿಂದ ಹಾಡಿಗಿಂತ ಮುಂಚೆ ‘ಸುಂಯ್’ ಎಂಬ ಸದ್ದೇ ಕೇಳಿಸುತ್ತಿತ್ತು. ನನ್ನ ತಂದೆಯವರು ಬೈಠಕ್ಕಿನ ರಸಿಕರು. ರಾತ್ರಿಯಿಡೀ ಗಾಯನ ಕೇಳಿ ಮುಂಜಾನೆ ಮನೆಗೆ ಬಂದು, ಚಹಾ ಕುಡಿದು ಕಚೇರಿಗೆ ಹೋಗುತ್ತಿದ್ದವರು. ‘ಹಾಡು ಎದುರಿಗೆ ಕೂತು ಕೇಳಬೇಕೋ, ಡಬ್ಬ್ಯಾಗಿಂದಲ್ಲ’ ಎಂದು ಅವರು ಸದಾ ಹೇಳುತ್ತಿದ್ದರು. ಆ ಮಾತನ್ನು ಮಗನು ಇಷ್ಟು ನಿಷ್ಠೆಯಿಂದ, ಆದರೆ ಇಂಥ ದಿಕ್ಕಿನಲ್ಲಿ ಪಾಲಿಸುವನೆಂದು ಅವರು ಎಣಿಸಿರಲಾರರು.

ಎದುರಿಗೆ ನಿಂತು ಮೊದಲ ಬಾರಿ ಕೇಳಿದ್ದು 1988ರ ಸೆಪ್ಟೆಂಬರ್ 30ರಂದು, ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ. ನಾನಾಗ ದೆಹಲಿಯಲ್ಲಿ ಎಂ.ಎ. ವಿದ್ಯಾರ್ಥಿ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಗೆ 40 ವರ್ಷ ತುಂಬಿದ ಸಂದರ್ಭದಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯು ಲಂಡನ್ನಿನಿಂದ ಬ್ಯೂನಸ್ ಐರಿಸ್‌ವರೆಗೆ ನಡೆಸಿದ ಕಚೇರಿಗಳ ಸರಣಿಯಲ್ಲಿ ದೆಹಲಿಯದೂ ಒಂದು. ಬ್ರೂಸ್ ಸ್ಪ್ರಿಂಗ್‌ಸ್ಟೀನ್, ಸ್ಟಿಂಗ್, ಪೀಟರ್ ಗೇಬ್ರಿಯಲ್, ಸೆನೆಗಲ್ಲಿನ ಯೂಸ್ಸು ಎನ್‌ಡೂರ್, ಟ್ರೇಸಿ ಚಾಪ್‌ಮನ್. ಅವರೆಲ್ಲ ಒಟ್ಟಾಗಿ ಬಾಬ್ ಮಾರ್ಲಿಯ ಹಾಡೊಂದರಿಂದ ಆರಂಭಿಸಿದರು. ಅಲ್ಲಿ ಸೇರಿದ್ದವರಲ್ಲಿ ಎಷ್ಟು ಮಂದಿ ಹಕ್ಕುಗಳಿಗಾಗಿ ಬಂದಿದ್ದರು, ಎಷ್ಟು ಮಂದಿ ಗಿಟಾರಿಗಾಗಿ ಎಂಬುದನ್ನು ಕೇಳಬೇಡಿ. ನಾನಂತೂ ಗಿಟಾರಿಗಾಗಿಯೇ ಹೋಗಿದ್ದೆ. ಆದರೆ ಆ ರಾತ್ರಿಯಿಂದ ಇಂದಿಗೂ ನೆನಪಿನಲ್ಲುಳಿದಿರುವುದು ದೊಡ್ಡ ಸದ್ದಲ್ಲ. ಅದೇ ವರ್ಷ ಮೊದಲ ಧ್ವನಿಮುದ್ರಿಕೆ ಹೊರತಂದಿದ್ದ ಟ್ರೇಸಿ ಚಾಪ್‌ಮನ್ ಎಂಬ ಆ ಕಪ್ಪು ತರುಣಿ ಒಂದೇ ಗಿಟಾರು ಹಿಡಿದು ಒಬ್ಬಳೇ ಬಂದು ನಿಂತಳು. ಅಷ್ಟು ದೊಡ್ಡ ಮೈದಾನ ಮೌನವಾಯಿತು. ತಂದೆಯವರು ಹೇಳುತ್ತಿದ್ದ ಬೈಠಕ್ಕಿನ ಮೌನ ಇಂಥದೇ ಇರಬೇಕೆಂದು ನನಗೆ ಅನಿಸಿತು. ಊರಿಗೆ ಹೋದಾಗ ಅವರಿಗೆ ಹಾಗೆಯೇ ಹೇಳಿದೆ. ಅವರು ನಕ್ಕರು, ನಂಬಲಿಲ್ಲ.

ನೌಕರಿ ದೊರೆತು ನಾನು ಈ ನಗರಕ್ಕೆ ಮೊದಲ ಸಲ ಬಂದುದು 1992ರಲ್ಲಿ. ಬೊಂಬಾಯಿಯ ರಾಕ್ ಪ್ರೇಮಿಗೆ ಆಗ ಇದ್ದ ಒಂದೇ ಕ್ಷೇತ್ರವೆಂದರೆ ಧೋಬಿ ತಲಾವಿನ ರಂಗಭವನ. ಸೇಂಟ್ ಝೇವಿಯರ್ಸ್ ಕಾಲೇಜಿನ ಬಳಿಯ ಆ ಬಯಲು ರಂಗಮಂದಿರವನ್ನು ನಮ್ಮ ಹಿರಿಯ ಸದಸ್ಯರಲ್ಲಿ ಹಲವರು ಬಲ್ಲರು. ಜಾಝ್ ಯಾತ್ರೆ ನಡೆಯುತ್ತಿದ್ದುದು ಅಲ್ಲಿ. 1980ರಲ್ಲಿ ‘ದ ಪೊಲೀಸ್’ ತಂಡ ನುಡಿಸಿದ್ದೂ ಅಲ್ಲಿ. 1986ರಿಂದ ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ಅಲ್ಲಿ ‘ಇಂಡಿಪೆಂಡೆನ್ಸ್ ರಾಕ್’ ಎಂಬ ಉತ್ಸವ ಜರುಗುತ್ತಿತ್ತು. ಆಗಸ್ಟ್ ಎಂದರೆ ಮಳೆ. ರಂಗಭವನಕ್ಕೆ ಮೇಲ್ಛಾವಣಿ ಇಲ್ಲ. ಹರಿದ ಜೀನ್ಸಿನ ಹುಡುಗರ ನಡುವೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಯಲ್ಲಿ ಕಚೇರಿಯ ಚೀಲ ಹಿಡಿದು ನೆನೆಯುತ್ತ ನಿಂತವನು ನಾನೊಬ್ಬನೇ. ಮೊದಲ ಸಲ ನನ್ನನ್ನು ಮಫ್ತಿ ಪೊಲೀಸಿನವನೆಂದು ತಿಳಿದು ಸುತ್ತಲಿನವರು ಸಿಗರೇಟು ಆರಿಸಿದರು! ಮುಂದಿನ ವರ್ಷ ಗುರುತು ಹಿಡಿದು ಜಾಗ ಬಿಟ್ಟುಕೊಟ್ಟರು.

ಅಲ್ಲಿ ಕೇಳಿದ ಸಂಗೀತವೆಲ್ಲ ಶ್ರೇಷ್ಠವಾಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಅನೇಕ ತಂಡಗಳು ಪಾಶ್ಚಾತ್ಯರ ಹಾಡುಗಳನ್ನು ಚಾಚೂ ತಪ್ಪದೆ ಒಪ್ಪಿಸುತ್ತಿದ್ದವು. ‘ರಾಕ್ ಮಶೀನ್’ ಎಂದು ಆರಂಭವಾಗಿ 1993ರಲ್ಲಿ ‘ಇಂಡಸ್ ಕ್ರೀಡ್’ ಎಂದು ಹೆಸರು ಬದಲಿಸಿಕೊಂಡ ತಂಡದಂತಹ ಕೆಲವರು ಮಾತ್ರ ಸ್ವಂತ ಹಾಡು ಕಟ್ಟುವ ಧೈರ್ಯ ತೋರಿದರು. ಆದರೆ ನನಗೆ ಅಲ್ಲಿ ದೊರೆತದ್ದು ಬೇರೊಂದು. ನಗರಕ್ಕೆ ಹೊಸಬ, ಭಾಷೆ ಅರ್ಧಂಬರ್ಧ, ಬಾಡಿಗೆ ಕೋಣೆಯಲ್ಲಿ ಮಾತನಾಡಿಸುವವರಿಲ್ಲ. ಅಂಥವನು ಬಾಂದ್ರಾದ ಕ್ರೈಸ್ತ ಹುಡುಗ, ಡೋಂಬಿವಿಲಿಯ ಮರಾಠಿ ಹುಡುಗ, ಮಾಟುಂಗಾದ ತಮಿಳು ಹುಡುಗರ ಜೊತೆ ಒಂದೇ ತಾಳಕ್ಕೆ ತಲೆಯಾಡಿಸಿದಾಗ ಯಾರೂ ಅವನ ಊರು ಕೇಳುವುದಿಲ್ಲ. 1992ರ ಡಿಸೆಂಬರ್ ಮತ್ತು 1993ರ ಜನವರಿಯ ದಿನಗಳನ್ನು ಈ ನಗರದಲ್ಲಿ ಕಳೆದವರಿಗೆ, ಊರನ್ನೂ ಹೆಸರನ್ನೂ ಕೇಳದ ಗುಂಪೊಂದು ಎಂಥ ಅಪರೂಪದ ವಸ್ತುವೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಮುಂದಿನದನ್ನು ಬೇಗನೆ ಹೇಳುತ್ತೇನೆ. ಶಿಲ್ಲಾಂಗಿಗೆ ವರ್ಗವಾಯಿತು. ಮನೆಯವರು ಅದನ್ನು ಶಿಕ್ಷೆಯೆಂದರು, ನನಗದು ತೀರ್ಥಕ್ಷೇತ್ರವಾಯಿತು. ಅಲ್ಲಿ ಲೂ ಮಾಜಾ ಎಂಬ ಗಾಯಕರು 1972ರಿಂದಲೂ ಪ್ರತಿ ಮೇ 24ರಂದು ಬಾಬ್ ಡಿಲನ್ನನ ಹುಟ್ಟುಹಬ್ಬವನ್ನು ಅವನ ಹಾಡುಗಳನ್ನು ಹಾಡಿ ಆಚರಿಸುತ್ತ ಬಂದವರು. ನಮ್ಮಲ್ಲಿ ಪುರಂದರದಾಸರ ಪುಣ್ಯದಿನ ಆಚರಿಸುವ ಶ್ರದ್ಧೆಗೂ ಅದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಅನಂತರ ಬೆಂಗಳೂರು. ಅರಮನೆ ಮೈದಾನದಲ್ಲಿ 2002ರ ಏಪ್ರಿಲ್‌ನಲ್ಲಿ ರಾಜರ್ ವಾಟರ್ಸ್, 2003ರ ಏಪ್ರಿಲ್‌ನಲ್ಲಿ ಸುರಿಯುವ ಮಳೆಯಲ್ಲಿ ರೋಲಿಂಗ್ ಸ್ಟೋನ್ಸ್. 2007ರ ಮಾರ್ಚ್ 17ರಂದು ಐರನ್ ಮೇಡನ್ ತಂಡ ಮೊದಲ ಬಾರಿಗೆ ಭಾರತದಲ್ಲಿ ನುಡಿಸಿದ್ದು ಅದೇ ಮೈದಾನದಲ್ಲಿ. ಈಶಾನ್ಯ ರಾಜ್ಯಗಳಿಂದ ಎರಡು ಮೂರು ದಿನ ರೈಲು ಪ್ರಯಾಣ ಮಾಡಿ ಬಂದ ಹುಡುಗರನ್ನು ಅಲ್ಲಿ ಕಂಡೆ. ಶಿಲ್ಲಾಂಗಿನ ಹೆಸರೆತ್ತಿದೊಡನೆ ಅವರು ನನ್ನನ್ನು ಅಪ್ಪಿಕೊಂಡರು. ಆ ತಂಡದ ಅಭಿಮಾನಿಗಳದೊಂದು ಪದ್ಧತಿಯಿದೆ. ಗಿಟಾರು ನುಡಿಸುವ ಸ್ವರಪಂಕ್ತಿಯನ್ನೇ, ಪದಗಳಿಲ್ಲದೆ, ಸಾವಿರಾರು ಕಂಠಗಳು ಒಟ್ಟಿಗೆ ಹಾಡುತ್ತವೆ. ವಾದ್ಯ ಒಂದು ಗಳಿಗೆ ನಿಂತರೂ ಸ್ವರ ನಿಲ್ಲುವುದಿಲ್ಲ. ಆ ರಾತ್ರಿ ನನಗೆ ನಲವತ್ತು ವರ್ಷ. ಗಂಟಲು ಕಟ್ಟಿ, ಮರುದಿನ ಕಚೇರಿಯಲ್ಲಿ ಮೇಲಧಿಕಾರಿಗೆ ಸನ್ನೆಯಿಂದಲೇ ಉತ್ತರಿಸಬೇಕಾಯಿತು.

ಎಲ್ಲವೂ ಹೀಗೆ ಸುಖಾಂತವಲ್ಲ. 2011ರ ಅಕ್ಟೋಬರ್ 28ರಂದು ಗುಡಗಾಂವಿನಲ್ಲಿ ಮೆಟಾಲಿಕಾ ತಂಡದ ಕಚೇರಿಯಿತ್ತು. ಗಂಟೆಗಟ್ಟಲೆ ಕಾದೆವು. ಜನರೊತ್ತಡಕ್ಕೆ ಮುಂಭಾಗದ ತಡೆಬೇಲಿ ಜಗ್ಗಿತು. ಕೊನೆಗೆ ಕಾರ್ಯಕ್ರಮವನ್ನು ಮುಂದೂಡಲಾಗಿದೆ ಎಂದರು. ಕತ್ತಲಲ್ಲಿ ಕೂಗಾಟ, ಬಳಿಕ ಕುರ್ಚಿಗಳು ಹಾರಿದವು, ವೇದಿಕೆ ಹತ್ತಿದವರು ಕೈಗೆ ಸಿಕ್ಕಿದ್ದನ್ನು ಮುರಿದರು. ಒಂದು ತಪ್ಪೊಪ್ಪಿಗೆ: ವೇದಿಕೆಯ ಮೇಲಿನ ದೊಡ್ಡ ಬಟ್ಟೆಯೊಂದು ಹರಿದು ಬಿದ್ದಾಗ, ಕೇಂದ್ರ ಸರ್ಕಾರದ ಜವಾಬ್ದಾರಿಯುತ ಅಧಿಕಾರಿಯಾದ ನಾನೂ ಕೇಕೆ ಹಾಕಿದೆ. ಊರು ಕೇಳದ ಗುಂಪನ್ನು ಈಗಷ್ಟೇ ಹೊಗಳಿದೆನಲ್ಲ, ಆ ಗುಂಪಿನ ಇನ್ನೊಂದು ಮುಖ ಇದು, ಮತ್ತು ಆ ಮುಖ ನನ್ನದೂ ಆಗಿತ್ತು. ಎರಡೇ ದಿನಗಳ ಬಳಿಕ ಬೆಂಗಳೂರಿನಲ್ಲಿ ಅದೇ ತಂಡದ ಕಚೇರಿ ನಿರ್ವಿಘ್ನವಾಗಿ ನಡೆಯಿತು. ದೆಹಲಿಯವರು ಒರಟರು, ಬೆಂಗಳೂರಿನವರು ಸಾಧುಗಳು ಎಂದು ಆಗ ಹಲವರು ಬರೆದರು. ನಾನು ಒಪ್ಪಲಾರೆ. ಬೇಲಿ ಎಷ್ಟು ಗಟ್ಟಿ, ಬಾಗಿಲು ಎಷ್ಟು, ಕುಡಿಯುವ ನೀರು ಎಲ್ಲಿ, ಕಾಯುವವರಿಗೆ ನಿಜವನ್ನು ಯಾವಾಗ ಹೇಳುತ್ತಾರೆ, ಇಂಥ ಸಣ್ಣ ಸಂಗತಿಗಳನ್ನು ಮೊದಲು ನೋಡಬೇಕು.

ಇನ್ನು ಕಿವಿಯ ವಿಷಯ. 2014ರ ಸುಮಾರಿಗೆ ನನ್ನ ಬಲಗಿವಿಯಲ್ಲಿ ‘ಸುಂಯ್’ ಎಂಬ ಸದ್ದು ಆರಂಭವಾಗಿ, ಮತ್ತೆ ನಿಲ್ಲಲಿಲ್ಲ. ಈಗ ಮಾತನಾಡುತ್ತಿರುವಾಗಲೂ ಇದೆ. ಕಿವಿಮೊರೆತ ಎನ್ನುತ್ತಾರೆ. ಮೊದಲು ನನಗೆ ನೆನಪಾದದ್ದು ಧಾರವಾಡದ ಆ ಕ್ಯಾಸೆಟ್ಟುಗಳ ಸದ್ದು. ತಜ್ಞರು ಪರೀಕ್ಷಿಸಿ ಒಂದು ನಕ್ಷೆ ಕೊಟ್ಟರು. ನೇರವಾಗಿ ಸಾಗಬೇಕಾದ ಗೆರೆ 4,000 ಹರ್ಟ್ಸ್ ಹತ್ತಿರ ಬಾವಿಗಿಳಿದಂತೆ ಕುಸಿದಿತ್ತು. ಅತಿ ಸದ್ದಿನಿಂದ ಕೆಟ್ಟ ಕಿವಿಯ ಗುರುತೇ ಅದು. ನಮ್ಮ ಒಳಗಿವಿಯಲ್ಲಿ ಕೇಳುವ ಕೆಲಸ ಮಾಡುವ ರೋಮಕೋಶಗಳು ಸುಮಾರು 15 ಸಾವಿರ ಮಾತ್ರ. ಸತ್ತವು ಮತ್ತೆ ಹುಟ್ಟುವುದಿಲ್ಲ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಸಹಿಸಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗ ಆ ಅವಧಿ ಅರ್ಧವಾಗುತ್ತದೆ ಎಂದು ಲೆಕ್ಕ. 100 ಡೆಸಿಬಲ್ ಆದರೆ ಹದಿನೈದೇ ನಿಮಿಷ. ನಾನು ಪ್ರತಿ ಸಲವೂ ಎರಡು ಮೂರು ಗಂಟೆ, ಜನ ಕಡಮೆಯೆಂದು ವೇದಿಕೆಯ ಬಲಬದಿಯ ಧ್ವನಿವರ್ಧಕಗಳ ಹತ್ತಿರವೇ ನಿಲ್ಲುತ್ತಿದ್ದೆ. 1972ರಲ್ಲಿ ಲಂಡನ್ನಿನ ಕಚೇರಿಯಲ್ಲಿ ಡೀಪ್ ಪರ್ಪಲ್ ತಂಡದ ಸದ್ದು 117 ಡೆಸಿಬಲ್ ಮುಟ್ಟಿ ಗಿನ್ನೆಸ್ ಪುಸ್ತಕ ಸೇರಿತೆಂಬುದನ್ನು ನಾವು ಯುದ್ಧ ಗೆದ್ದವರಂತೆ ಹೇಳಿಕೊಂಡು ತಿರುಗಿದವರು. ಹತ್ತಿಯುಂಡೆಯೋ ರಬ್ಬರಿನ ಬಿರಡೆಯೋ ಹಾಕಿಕೊಂಡವರನ್ನು ಕಂಡರೆ ನಗುತ್ತಿದ್ದೆವು. ಈ ಸಭೆಯಲ್ಲಿರುವ ತರುಣರು ದಯವಿಟ್ಟು ಬಿರಡೆ ಕೊಳ್ಳಿರಿ. ಕೆಲವು ನೂರು ರೂಪಾಯಿಯ ವಸ್ತು.

ಕಳೆದುಕೊಂಡದ್ದೇನೆಂದು ನಿಜವಾಗಿ ತಿಳಿದದ್ದು ಧಾರವಾಡದ ಮನೆಯಲ್ಲಿ. ತಂದೆಯವರು ತೀರಿಕೊಂಡ ಮೇಲೆ ಅವರ ತಂಬೂರಿಯನ್ನು ಹೊರತೆಗೆದು, ತಂಗಿ ಶ್ರುತಿ ಮಾಡಿದಳು. ತಂತಿ ಮಿಡಿದದ್ದು ಕೇಳಿಸಿತು. ಆದರೆ ಜವಾರಿಯಿಂದ ಹೊಮ್ಮಿ ಮೇಲೇಳುವ, ಜೇನುಗೂಡಿನ ಗುಂಯ್ಗುಡುವಿಕೆಯಂಥ ಆ ಮೇಲಿನ ಸ್ವರಗಳು ಬಲಗಿವಿಗೆ ಬರಲೇ ಇಲ್ಲ. ‘ಭಾಳ ಛಲೋ ಕೂಡೇದ, ಹೌದಲ್ಲೋ ಅಣ್ಣಾ?’ ಎಂದಳು. ಹೌದೆಂದೆ.

ಹಾಗಾದರೆ ಸದ್ದಿಗೆ ಕಡಿವಾಣ ಹಾಕುವ ಕಾನೂನನ್ನು ನಾನು ಸ್ವಾಗತಿಸಬೇಕಷ್ಟೆ. ಸ್ವಾಗತಿಸುತ್ತೇನೆ, ಆದರೆ ಒಂದು ತಕರಾರಿನೊಂದಿಗೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದು. ರಂಗಭವನದ ಸುತ್ತ ಈ ಮೂರೂ ಇದ್ದವು. ಕೆಲವೇ ವರ್ಷಗಳಲ್ಲಿ ಅಲ್ಲಿಯ ಕಚೇರಿಗಳು ನಿಂತುಹೋದವು. ರೋಗಿಯ ನಿದ್ರೆಗಿಂತ ಗಿಟಾರು ದೊಡ್ಡದೆಂದು ನಾನೆಂದೂ ಹೇಳಲಾರೆ. ಆದರೆ ಅದೇ ನಿಯಮಗಳಲ್ಲಿ ಹಬ್ಬಗಳಿಗಾಗಿ ವರ್ಷಕ್ಕೆ 15 ದಿನ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಲು ರಾಜ್ಯಗಳಿಗೆ ಅವಕಾಶವಿದೆ. ಹಿಂದೆ ಬಲವಿರುವ ಸದ್ದು ವಿನಾಯಿತಿ ಪಡೆಯುತ್ತದೆ, ಹರಿದ ಜೀನ್ಸಿನ ಸದ್ದು ಊರಾಚೆ ಹೋಗುತ್ತದೆ. (ನಾನಿನ್ನೂ ಸೇವೆಯಲ್ಲಿರುವುದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ.) ಊರಾಚೆ ಹೋದದ್ದಕ್ಕೆ ಬೆಲೆಯೂ ಏರಿತು. 2025ರ ಜನವರಿಯಲ್ಲಿ ನವಿ ಮುಂಬಯಿಯಲ್ಲಿ ಕೋಲ್ಡ್‌ಪ್ಲೇ ತಂಡದ ಮೂರು ಕಚೇರಿಗಳಾದವು. ಸಾಮಾನ್ಯ ಮಾರಾಟದಲ್ಲಿ ಅತ್ಯಂತ ಅಗ್ಗದ ಟಿಕೆಟ್ಟಿಗೆ 2,500 ರೂಪಾಯಿ. ಅದಕ್ಕೂ ಗಣಕಯಂತ್ರದ ಮುಂದೆ ಸರದಿ ನಿಂತ ಲಕ್ಷಾಂತರ ಜನರಲ್ಲಿ ನಾನೂ ಒಬ್ಬನಾಗಿ, ಬರಿಗೈಯಲ್ಲಿ ಎದ್ದೆ. ಡೋಂಬಿವಿಲಿಯ ಆ ಹುಡುಗ ಇಂದಿದ್ದರೆ ಎಲ್ಲಿ ನಿಲ್ಲುತ್ತಿದ್ದ ಎಂದು ಯೋಚಿಸುತ್ತೇನೆ.

ಕೊನೆಯದಾಗಿ ಒಂದು ರಾತ್ರಿಯನ್ನು ಹೇಳಿ ಮುಗಿಸುತ್ತೇನೆ. 2019ರ ಡಿಸೆಂಬರ್ 15. ನೆರೂಲಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಐರ್ಲೆಂಡಿನ ಯು-ಟು ತಂಡ. ಟಿಕೆಟ್ಟು ಮಗಳು ಕೊಡಿಸಿದ್ದಳು. ನನ್ನ ಕಿವಿಗಳಿಗೆ ಬಿರಡೆಯನ್ನೂ ಅವಳೇ ತಂದಿದ್ದಳು. ಅವಳು ನನ್ನ ವರ್ಗಾವಣೆಗಳ ನಡುವೆ ಬೆಳೆದವಳು. ಕನ್ನಡ ಮಾತನಾಡುತ್ತಾಳೆ, ಓದಲು ತಡವರಿಸುತ್ತಾಳೆ. ಇಲ್ಲಿ ಕುಳಿತ ಎಷ್ಟೋ ತಂದೆತಾಯಿಯರು ಈ ಮಾತನ್ನು ಬಲ್ಲರು. ಕಚೇರಿಯ ಕೊನೆಯ ಭಾಗದಲ್ಲಿ ಒಂದು ಹಾಡಿಗೆ ಹಿನ್ನೆಲೆಯಾಗಿ, ಬೃಹತ್ತಾದ ಪರದೆಯ ಮೇಲೆ ಜಗತ್ತಿನ ಹಲವು ಮಹಿಳೆಯರ ಭಾವಚಿತ್ರಗಳು ಒಂದರ ಹಿಂದೊಂದು ಬಂದವು. ಅವುಗಳ ನಡುವೆ ಗೌರಿ ಲಂಕೇಶ್.

ನಾನು ಕಾಲೇಜಿನಲ್ಲಿದ್ದಾಗ ‘ಲಂಕೇಶ್ ಪತ್ರಿಕೆ’ ಒಂದು ಕೈಯಿಂದ ಇನ್ನೊಂದಕ್ಕೆ ಹೋಗಿ ಹರಿಯುವವರೆಗೆ ಓದಿಸಿಕೊಳ್ಳುತ್ತಿತ್ತು. ಆ ಲಂಕೇಶರ ಮಗಳು, ಕನ್ನಡ ವಾರಪತ್ರಿಕೆಯೊಂದರ ಸಂಪಾದಕಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ತನ್ನ ಮನೆಯ ಮುಂದೆಯೇ ಗುಂಡಿಗೆ ಬಲಿಯಾದವರು. ಅವರ ಮುಖ ಇಲ್ಲಿ, ಈ ಸದ್ದಿನ ನಡುವೆ, ಮೂರು ಮಹಡಿಯೆತ್ತರ! ಸುತ್ತಲಿನ ಜನ ಎಲ್ಲ ಚಿತ್ರಗಳಿಗೂ ಕೂಗಿದಂತೆ ಇದಕ್ಕೂ ಕೂಗಿದರು. ನನಗೆ ಕೂಗಲಾಗಲಿಲ್ಲ. ಬಲಗಡೆ ನಿಂತಿದ್ದ ಮಗಳು ನನ್ನ ತೋಳು ಹಿಡಿದು ಏನನ್ನೋ ಕೇಳಿದಳು. ತುಟಿ ಅಲುಗಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಬಿರಡೆ ತೆಗೆದೆ, ಆಗಲೂ ಕೇಳಿಸಲಿಲ್ಲ. ಅಷ್ಟರಲ್ಲಿ ಪರದೆಯ ಮೇಲೆ ಬೇರೆ ಮುಖ ಬಂದಿತ್ತು.

ನೆರೂಲಿನಲ್ಲಿ ರೈಲು ಹತ್ತಿದಾಗ ಅವಳು ಜಾಗ ಬದಲಿಸಿ ನನ್ನ ಎಡಗಡೆಗೆ ಬಂದು ಕುಳಿತಳು. ‘ಯಾರಪ್ಪಾ ಅವರು? ಕನ್ನಡದ ಹೆಸರಿನ ಹಾಗಿತ್ತಲ್ಲ’ ಎಂದು ಮತ್ತೆ ಕೇಳಿದಳು. ಲಂಕೇಶರಿಂದ ಆರಂಭಿಸಿದೆ. ಕಿವಿ ಮಂದವಾದವರು ಮಾತನಾಡುವಂತೆ ಗಟ್ಟಿಯಾಗಿಯೇ ಮಾತನಾಡುತ್ತಿದ್ದಿರಬೇಕು. ಎದುರಿನ ಸಾಲಿನವರು ತಿರುಗಿ ನೋಡಿದರು. ‘ಮೆಲ್ಲಗೆ, ಅಪ್ಪಾ’ ಎಂದಳು. ಮತ್ತೆ, ‘ಇರಲಿ, ಹೇಳು’ ಎಂದಳು. ವಾಶಿಯ ಸೇತುವೆ ದಾಟಿ ಮಾನ್‌ಖುರ್ದ್ ಬಂದರೂ ನನ್ನ ಮಾತು ಇನ್ನೂ ಮುಗಿದಿರಲಿಲ್ಲ.