ಟಿಕೆಟ್ ಕೇಳದ ದೇಶ

ಯುರೋಪಿನ ಪುಟ್ಟ ದೇಶ ಲಕ್ಸೆಂಬರ್ಗ್. ಊಟ, ವಸತಿ ಎರಡೂ ಅಲ್ಲಿ ಕೈ ಸುಡುತ್ತವೆ. ಆದರೆ ಓಡಾಟಕ್ಕೆ ಕಾಸು ಬಿಚ್ಚಬೇಕಿಲ್ಲ. 2020ರ ಫೆಬ್ರವರಿ 29ರಿಂದ ದೇಶದೊಳಗಿನ ಬಸ್ಸು, ಟ್ರಾಮ್, ರೈಲಿನ ಎರಡನೇ ದರ್ಜೆ ಎಲ್ಲವೂ ಉಚಿತ. ಅಲ್ಲಿಯವರಿಗಷ್ಟೇ ಅಲ್ಲ, ಈಗಷ್ಟೇ ಬಂದಿಳಿದ ಪ್ರವಾಸಿಗೂ. ಖರ್ಚು ಸರ್ಕಾರದ ಬೊಕ್ಕಸದ್ದು.

ರಾಜಧಾನಿ ಆಳವಾದ ಕಣಿವೆಗಳ ಅಂಚಿನಲ್ಲಿ ಕೂತಿದೆ. ಕಣಿವೆಯ ಕೆಳಗಿನ ಫಾಫೆಂಥಾಲ್ ಬಡಾವಣೆಯಿಂದ ಮೇಲಿನ ಪೇಟೆಗೆ ಸುಮಾರು 70 ಮೀಟರ್ ಎತ್ತರದ ಗಾಜಿನ ಲಿಫ್ಟ್ ಇದೆ, ಅದಕ್ಕೂ ದುಡ್ಡಿಲ್ಲ. ಮಂಡಿನೋವಿನ ಅಜ್ಜಿ, ಮಗುವನ್ನೆತ್ತಿಕೊಂಡ ತಾಯಿ, ಸೈಕಲ್ ಹಿಡಿದ ಹುಡುಗ, ಬೆನ್ನಿಗೆ ಚೀಲ ಹೊತ್ತ ಪರದೇಶಿ, ಯಾರು ಬೇಕಾದರೂ ಹತ್ತಬಹುದು. ಅಲ್ಲಿನ ಅರಮನೆಗಿಂತ ಈ ಲಿಫ್ಟೇ ಆ ನಗರದ ನಿಜವಾದ ದೊಡ್ಡಸ್ತಿಕೆ ಎಂದು ನನಗನ್ನಿಸುತ್ತದೆ. ನಡೆಯಲಾರದವರನ್ನು ನೆನೆದು ಕಟ್ಟಿದ ಊರು ಯಾರನ್ನೂ ಕೆಳಗೆ ಬಿಟ್ಟುಹೋಗುವುದಿಲ್ಲ.

ಬೆಳಿಗ್ಗೆ ರಾಜಧಾನಿಯಿಂದ ಉತ್ತರದ ರೈಲು ಹತ್ತಿ, ಎಟೆಲ್‌ಬ್ರುಕ್‌ನಲ್ಲಿ ಬಸ್ಸು ಹಿಡಿದರೆ ವಿಯಾಂಡೆನ್ ಎಂಬ ಊರು. ಗುಡ್ಡದ ಮೇಲೆ ಕೋಟೆ, ಕೆಳಗೆ ಔರ್ ನದಿ, ದಡದಲ್ಲಿ 1871ರಲ್ಲಿ ಫ್ರೆಂಚ್ ಸಾಹಿತಿ ವಿಕ್ಟರ್ ಹ್ಯೂಗೋ ತಂಗಿದ್ದ ಮನೆ. ಆದರೆ ಕೋಟೆಯೊಳಕ್ಕೆ ಹೋಗಲು ಟಿಕೆಟ್ ಬೇಕು. ಇನ್ನು ಜರ್ಮನಿಗೋ ಫ್ರಾನ್ಸಿಗೋ ಹೋಗುವ ರೈಲಾದರೆ, ಗಡಿಯಾಚೆಗಿನ ಟಿಕೆಟನ್ನು ಮೊದಲೇ ಕೊಂಡಿಟ್ಟುಕೊಳ್ಳಿ.